ನೆನಪಿಡುವ ಹಾಳೆ, ಮರಳಿಸುವ ಹಾಳೆ

ಬೇಸಿಗೆಯಲ್ಲಿ ಫ್ಯಾನು ನಿಧಾನವಾಯಿತೆಂದರೆ ಮೂಡಲಗಿಯ ವೈಂಡಿಂಗ್ ಅಂಗಡಿಯವರು ಅದನ್ನು ಬಿಚ್ಚುವ ಮೊದಲೇ ಹೇಳಿಬಿಡುತ್ತಾರೆ: “ಕಂಡೆನ್ಸರ್ ಹೋಗೇತ್ರೀ ಸರ.” ಹೆಬ್ಬೆರಳಿನ ಗಾತ್ರದ ಡಬ್ಬಿ, ಎರಡು ವೈರು, ಮೇಲೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂಬ ಅಚ್ಚು. ಹೊಸದನ್ನು ಕೂರಿಸಿ ಹಳೆಯದನ್ನು ಮೂಲೆಗೆ ಎಸೆಯುತ್ತಾರೆ. ಹಾಗೆ ಎಸೆದದ್ದೊಂದನ್ನು ಕೇಳಿ ಪಡೆದು ಬ್ಲೇಡಿನಿಂದ ಸೀಳಿದರೆ ಒಳಗೆ ಬಿಗಿಯಾಗಿ ಸುತ್ತಿದ ಬೆಳ್ಳಿ ಬಣ್ಣದ ಸುರುಳಿ. ಎಳೆದಷ್ಟೂ ಬರುತ್ತದೆ, ಮೊಳಗಟ್ಟಲೆ. ಉಸಿರು ತಾಕಿದರೆ ಹಾರುವಷ್ಟು ತೆಳು. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಅಲ್ಲಿ ಬೆಳ್ಳಿ ಬಣ್ಣವಿಲ್ಲ, ಆಚೆಯ ಬೆಳಕು ಕಾಣುತ್ತದೆ. “ಅದರಾಗ ಏನ್ ನೋಡ್ತೀರಿ, ಬರೇ ಪ್ಲಾಸ್ಟಿಕ್ ಹಾಳಿ ಐತ್ರೀ” ಎಂದರು ಅಂಗಡಿಯವರು.

ಬರೇ ಪ್ಲಾಸ್ಟಿಕ್ ಹಾಳೆಯೇ, ನಿಜ. ಗೊಬ್ಬರದ ಚೀಲ ನೇಯುವ ಪಾಲಿಪ್ರೊಪಿಲೀನ್. ಅದನ್ನು ಕೆಲವೇ ಮೈಕ್ರಾನ್ ತೆಳುವಾಗಿ ಎಳೆದು, ಮೇಲೆ ಸತು-ಅಲ್ಯೂಮಿನಿಯಮ್ಮಿನ ಆವಿ ಹಾಯಿಸಿರುತ್ತಾರೆ. ಹಾಳೆಯಲ್ಲಿ ಎಲ್ಲಾದರೂ ದೌರ್ಬಲ್ಯವಿದ್ದರೆ ಅಲ್ಲಿ ಕಿಡಿ ಹಾರುತ್ತದೆ. ಆ ಬಿಸಿಗೆ ಸುತ್ತಲಿನ ಲೋಹ ಆವಿಯಾಗಿ ಹೋಗಿ, ಗಾಯ ತಾನೇ ತಾನಾಗಿ ಬೇರ್ಪಡುತ್ತದೆ. ಆ ಚುಕ್ಕಿಗಳು ವಾಸಿಯಾದ ಗಾಯಗಳು. ಪ್ರತಿ ವಾಸಿಗೂ ಒಂದಿಷ್ಟು ಜಾಗ ಕಳೆದುಹೋಗುತ್ತದೆ, ವರ್ಷಗಳು ಉರುಳಿದಂತೆ ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ಫ್ಯಾನು ನಿಧಾನವಾಗುತ್ತದೆ.

ತುಂಬಿದ ಗಳಿಗೆಯಲ್ಲಿ ಈ ಡಬ್ಬಿಯಲ್ಲಿರುವುದು ಒಂದು ಜೂಲಿನ ಎಂಟನೆಯ ಒಂದು ಪಾಲಿನಷ್ಟು ಶಕ್ತಿ. ಏನೇನೂ ಅಲ್ಲ. ಆದರೆ ಅದು ಸೆಕೆಂಡಿಗೆ ನೂರು ಸಲ ತುಂಬುತ್ತದೆ, ನೂರು ಸಲ ಬರಿದಾಗುತ್ತದೆ, ಮತ್ತು ತುಂಬಿದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತದೆ. ಹತ್ತು ಸಾವಿರದಲ್ಲಿ ಕೆಲವು ಪಾಲು ಮಾತ್ರ ಶಾಖವಾಗಿ ಸೋರುತ್ತದೆ. ಪಾಲಿಪ್ರೊಪಿಲೀನಿನ ಅಣುವಿಗೆ ತನ್ನದೆಂಬ ಧ್ರುವವಿಲ್ಲ. ವಿದ್ಯುತ್ ಕ್ಷೇತ್ರ ಬಂದಾಗ ಎಲೆಕ್ಟ್ರಾನುಗಳ ಮೋಡ ತುಸು ವಾಲುತ್ತದೆ, ಕ್ಷೇತ್ರ ಹೋದೊಡನೆ ನೆಟ್ಟಗಾಗುತ್ತದೆ. ಏನೂ ಆಗಲೇ ಇಲ್ಲವೆಂಬಂತೆ. ಒಂದು ವಸ್ತು ಇಷ್ಟು ಪ್ರಾಮಾಣಿಕವಾಗಿ ಮರಳಿಸಬೇಕಾದರೆ ಅದು ಇಷ್ಟು ಪೂರ್ತಿಯಾಗಿ ಮರೆಯಲೇಬೇಕೇ? ಹಿಡಿದಿಡುವುದೆಂದರೇನು ಎಂಬ ಯೋಚನೆ ನನಗೆ ಹತ್ತಿದ್ದು ಇಲ್ಲಿಂದ.

ಮರೆಯದ ಪ್ಲಾಸ್ಟಿಕ್ಕೂ ಇದೆ. ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬುದು ಅದರ ಉದ್ದನೆಯ ಹೆಸರು, ಬಳಕೆಯಲ್ಲಿ ಪಿವಿಡಿಎಫ್. ಇಂಗಾಲದ ಸರಪಳಿ, ಒಂದು ಕೊಂಡಿಗೆ ಎರಡು ಜಲಜನಕ, ಪಕ್ಕದ ಕೊಂಡಿಗೆ ಎರಡು ಫ್ಲೋರಿನ್. ಫ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಪ್ರತಿ ಕೊಂಡಿಗೂ ಒಂದು ಋಣ ಬದಿ, ಒಂದು ಧನ ಬದಿ. ಆದರೆ ಕರಗಿಸಿ ಸುಮ್ಮನೆ ಆರಲು ಬಿಟ್ಟರೆ ಸರಪಳಿ ತನಗೆ ಆರಾಮವೆನಿಸುವ ಮಡಿಕೆಗೆ ಬೀಳುತ್ತದೆ. ಅಲ್ಲಿ ಒಂದರ ಮುಖ ಈ ಕಡೆ, ಇನ್ನೊಂದರದು ಆ ಕಡೆ, ಒಟ್ಟು ಸೊನ್ನೆ. ಹಾಳೆಯನ್ನು ಹಲವು ಪಟ್ಟು ಜಗ್ಗಿದಾಗ ಸರಪಳಿಗಳು ನೀಳವಾಗಿ, ಫ್ಲೋರಿನ್‌ಗಳೆಲ್ಲ ಒಂದೇ ಬದಿಗೆ ಬರುತ್ತವೆ. ಆಮೇಲೆ ಬಲವಾದ ವಿದ್ಯುತ್ ಕ್ಷೇತ್ರ ಕೊಟ್ಟರೆ ಅವೆಲ್ಲ ಒಂದು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಕ್ಷೇತ್ರ ತೆಗೆದರೂ ಹಾಗೇ ನಿಂತಿರುತ್ತವೆ. ಈಗ ಹಾಳೆಯನ್ನು ಒತ್ತಿ, ಬಗ್ಗಿಸಿ, ಜಗ್ಗಿ. ಎರಡು ಮೈಗಳ ನಡುವೆ ವೋಲ್ಟೇಜು ಹುಟ್ಟುತ್ತದೆ. ಉಲ್ಟಾ ದಿಕ್ಕಿನ ಬಲವಾದ ಕ್ಷೇತ್ರ ಕೊಟ್ಟರೆ ಇಡೀ ಗುಂಪೇ ಮುಖ ತಿರುಗಿಸುತ್ತದೆ, ಮತ್ತೆ ಅದೇ ಹೊಸ ನಿಲುವಿನಲ್ಲಿ ಉಳಿಯುತ್ತದೆ. ಇಂಥ ವಸ್ತುಗಳಿಗೆ ಫೆರೋಎಲೆಕ್ಟ್ರಿಕ್ ಎನ್ನುತ್ತಾರೆ. ರೋಷೆಲ್ ಲವಣದಲ್ಲಿ ಈ ಗುಣವನ್ನು ಜೋಸೆಫ್ ವಲಾಸೆಕ್ ಕಂಡದ್ದು 1920ರಲ್ಲಿ. ಹೆಸರಿನಲ್ಲಿ ಕಬ್ಬಿಣವಿದ್ದರೂ ವಸ್ತುವಿನಲ್ಲಿ ಕಬ್ಬಿಣವಿರಬೇಕಿಲ್ಲ. ಅಯಸ್ಕಾಂತದ ಹೋಲಿಕೆಯಿಂದ ಬಂದ ಹೆಸರು ಅಷ್ಟೆ.

ಪಿವಿಡಿಎಫ್ ಹಾಳೆ ಒತ್ತಡಕ್ಕೆ ವಿದ್ಯುತ್ತು ಕೊಡುತ್ತದೆಂದು ಜಪಾನಿನ ಹೆಯ್ಜಿ ಕವಾಯ್ ಪ್ರಕಟಿಸಿದ್ದು 1969ರಲ್ಲಿ. ಅದೇ ವರ್ಷ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗವೆಂದು ಆಗ ಆರಂಭಿಸಿದ ಐದು ಸಂಘಗಳಲ್ಲಿ ಅದೊಂದು. ಸಿರಿಸಿಲ್ಲ, ಕೊಡಿನಾರ, ಮುಳಾ-ಪ್ರವರಾ, ಲಖನೌ ಉಳಿದವು. ಕರ್ನಾಟಕದ ಮಟ್ಟಿಗೆ ಸದಸ್ಯರೇ ಸೇರಿ ಕರೆಂಟು ಹಂಚಿಕೊಳ್ಳುವ ಸಂಘ ಹುಕ್ಕೇರಿಯದೊಂದೇ. ಈ ಎರಡು 1969ಗಳಿಗೆ ಪರಸ್ಪರ ಯಾವ ಸಂಬಂಧವೂ ಇಲ್ಲ. ಆದರೂ ಇವನ್ನು ಜೊತೆಗಿಟ್ಟು ನೋಡುವುದು ನನಗಿಷ್ಟ. ಒಬ್ಬೊಬ್ಬ ರೈತನೂ ತಾನೇ ಕಂಬ ನೆಟ್ಟು ತಂತಿ ಎಳೆದುಕೊಳ್ಳುವುದು ಆಗದ ಮಾತಾಗಿತ್ತು. ಇರುವ ಬಲವನ್ನು ಒಂದೇ ಕಡೆಗೆ ತಿರುಗಿಸಿದ್ದಷ್ಟೇ ಅವರು ಮಾಡಿದ ಕೆಲಸ. (ಚುನಾವಣೆ ಬಂದಾಗ ಸಂಘದೊಳಗೂ ಧ್ರುವಗಳು ಏಳುತ್ತವೆ, ಅದು ಬೇರೆ ಮಾತು.)

ಬಲವಿದ್ದೂ ದಿಕ್ಕು ಕೂಡದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ, ಗೋಕಾಕ ಫಾಲ್ಸಿನ ಬಂಡೆ ಸಾಕು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆ ಬಂಡೆ ಕಲಾದಗಿ ಶ್ರೇಣಿಯ ಮರಳುಗಲ್ಲು. ಅದರ ಕಣಗಳು ಬಹುಪಾಲು ಸ್ಫಟಿಕಶಿಲೆ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಒತ್ತಿದರೆ ವಿದ್ಯುತ್ತು ಹುಟ್ಟಿಸುವ ವಸ್ತುಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಈ ಸ್ಫಟಿಕಶಿಲೆಯೂ ಇತ್ತು. ಎಂದರೆ ಮಳೆಗಾಲದಲ್ಲಿ ಕೆಂಪು ನೀರು ಗುದ್ದುವ ಆ ಕಲ್ಲಿನ ಪ್ರತಿ ಕಣವೂ ಪ್ರತಿ ಗುದ್ದಿಗೂ ಒಂದು ಚೂರು ವಿದ್ಯುತ್ತು ಹುಟ್ಟಿಸುತ್ತಿದೆ. ಆದರೆ ಕಣಗಳು ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿ ಕೂತಿವೆ. ಪಕ್ಕದ್ದು ಹುಟ್ಟಿಸಿದ್ದನ್ನು ಇದು ಅಳಿಸುತ್ತದೆ, ಇದು ಹುಟ್ಟಿಸಿದ್ದನ್ನು ಅದು. ಕೈಯಿಟ್ಟರೆ ಬಂಡೆ ತಣ್ಣಗೆ, ಒದ್ದೆಯಾಗಿ, ಮೌನವಾಗಿದೆ. ನಿಷ್ಕ್ರಿಯವಾಗಿ ಕಾಣುವುದೆಲ್ಲ ನಿಷ್ಕ್ರಿಯವಲ್ಲವೆಂದು ಓದಿ ತಿಳಿದಿದ್ದೆ. ಆ ಬಂಡೆಯ ಮುಂದೆ ನಿಂತಾಗ ಅದು ನಂಬಲು ಕಷ್ಟವಾಯಿತು, ನಂಬಿದ ಮೇಲೆ ಬಿಡಲು ಕಷ್ಟವಾಯಿತು.

ಹಾಗಾದರೆ ದಿಕ್ಕು ಕೂಡಿದ ಪಿವಿಡಿಎಫ್ ಎಲ್ಲಕ್ಕೂ ಉತ್ತರವೇ? ಫ್ಯಾನಿನ ಕಂಡೆನ್ಸರಿಗೆ ಅದನ್ನೇ ಹಾಕಬಾರದೇಕೆ? ಅದು ಹಿಡಿಯುವುದೂ ಹೆಚ್ಚು. ಪಾಲಿಪ್ರೊಪಿಲೀನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 2.2 ಆದರೆ ಇದರದು ಹತ್ತು ದಾಟುತ್ತದೆ. ತೊಡಕಿರುವುದು ಅದರ ನೆನಪಿನಲ್ಲಿ.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಎಂದು ಪತ್ರಿಕೆಗಳು ಪ್ರತಿ ಮುಂಗಾರಿನಲ್ಲೂ ಬರೆಯುತ್ತವೆ. ಕಬ್ಬಿನ ರೈತ ಆ ಸಂಖ್ಯೆಯನ್ನು ನಂಬಿ ಕೂರುವುದಿಲ್ಲ. ಅದರಲ್ಲಿ ಡೆಡ್ ಸ್ಟೋರೇಜ್ ಎಷ್ಟು ಎಂದು ಕೇಳುತ್ತಾನೆ. ತೂಬಿನ ಮಟ್ಟಕ್ಕಿಂತ ಕೆಳಗಿರುವ ನೀರು ಜಲಾಶಯದಲ್ಲಿದೆ, ಲೆಕ್ಕದಲ್ಲಿದೆ, ಕಾಲುವೆಗೆ ಮಾತ್ರ ಬರುವುದಿಲ್ಲ. ಫೆರೋಎಲೆಕ್ಟ್ರಿಕ್ ಹಾಳೆಯಲ್ಲೂ ಹೀಗೆಯೇ. ವೋಲ್ಟೇಜು ಕೊಟ್ಟಾಗ ಧ್ರುವಗಳೆಲ್ಲ ಓರಣವಾಗಿ ನಿಲ್ಲುತ್ತವೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ವೋಲ್ಟೇಜು ಇಳಿಸಿದಾಗ ಅವು ಹಿಂದಿರುಗಿದರೆ ತಾನೆ ಆ ಶಕ್ತಿ ಹೊರಗೆ ಬರುವುದು? ಇವು ಹಿಂದಿರುಗುವುದಿಲ್ಲ, ನಿಂತಲ್ಲೇ ನಿಲ್ಲುತ್ತವೆ. ತಿರುಗಿಸಲು ಮತ್ತೆ ಶಕ್ತಿ ಸುರಿಯಬೇಕು. ಏರುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು. ಎರಡರ ನಡುವಿನ ಬಯಲೆಲ್ಲ ಶಾಖವಾಗಿ ಹೋದ ನಷ್ಟ. ಹೆಚ್ಚಿನ ಕ್ಷೇತ್ರದಲ್ಲಿ ಇಂಥ ಹಾಳೆಗಳು ಪಡೆದುಕೊಂಡದ್ದರಲ್ಲಿ ಮೂರರಲ್ಲೊಂದು ಪಾಲನ್ನೋ ಇನ್ನೂ ಹೆಚ್ಚನ್ನೋ ಮರಳಿಸದೆ ನುಂಗುವುದುಂಟು.

ಒಂದೇ ಗುಣ, ಒಂದು ಕೆಲಸಕ್ಕೆ ಪ್ರಾಣ, ಇನ್ನೊಂದು ಕೆಲಸಕ್ಕೆ ರೋಗ. ಹೆಜ್ಜೆ, ಗಾಳಿ, ಕಂಪನಗಳಿಂದ ವಿದ್ಯುತ್ತು ಕೊಯ್ಯಬೇಕೆಂದರೆ ಹಾಳೆಗೆ ನೆನಪು ಬೇಕು. ದಿಕ್ಕಿನ ನೆನಪಿಲ್ಲದ ಹಾಳೆ ಗೋಕಾಕದ ಬಂಡೆಯಂತೆ ಮೌನಿ. ಕೂಡಿಟ್ಟು ಕೊಡಬೇಕೆಂದರೆ ನೆನಪು ಕಡಿಮೆಯಾಗಬೇಕು. ನಾವು ಸಾಮಾನ್ಯವಾಗಿ ಸಂಗ್ರಹವನ್ನೂ ಸ್ಮೃತಿಯನ್ನೂ ಒಂದೇ ಗೂಡಿನಲ್ಲಿ ಇಡುತ್ತೇವೆ. ಹಣ ಕೂಡಿಟ್ಟವನೂ ನೆನಪು ಕಾಪಿಟ್ಟವನೂ ನಮ್ಮ ಕಣ್ಣಿಗೆ ಜಾಗರೂಕರೇ. ಈ ಹಾಳೆಯಲ್ಲಿ ಅವು ಎದುರಾಳಿಗಳು. ತನ್ನ ಹಿಂದಿನ ನಿಲುವಿಗೆ ಅಂಟಿಕೊಂಡಷ್ಟೂ ಅದು ಕೊಡಲಾರದು. ಎಷ್ಟು ಹಿಡಿಯಿತು ಎಂಬ ಅಳತೆಯನ್ನೇ ಬಿಟ್ಟು, ಎಷ್ಟು ಬಂತು ಎಂಬುದನ್ನು ಮಾತ್ರ ಅಳೆದರೆ ಶೇಖರಣೆಯ ಅರ್ಥವೇ ಬದಲಾಗುತ್ತದೆ. ಹಿಡಕಲ್‌ನ ರೈತನಿಗೆ ಇದು ಯಾವತ್ತೋ ಗೊತ್ತಿತ್ತು.

ಈ ನೆನಪನ್ನು ತಗ್ಗಿಸಲು ಇನ್ನೊಂದು ಪ್ಲಾಸ್ಟಿಕ್ ಸೇರಿಸುವ ಬೆರಕೆಯ ಮಾತು ಬರುವುದು ಇಲ್ಲಿ. ಗೋಕಾಕದ ಹೆಸರೆತ್ತಿ ಬೆರಕೆಯ ಮಾತಾಡುವಾಗ ಕರದಂಟು ನೆನಪಾಗುತ್ತದೆ. ಅದರ ಅಂಟೂ ಒಂದು ಪಾಲಿಮರೇ. ಆದರೆ ಆ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಕರದಂಟಿನಲ್ಲಿ ಪ್ರತಿ ಪದಾರ್ಥವೂ ತನ್ನ ರುಚಿ ಸೇರಿಸುತ್ತದೆ. ಇಲ್ಲಿ ಬೆರೆಸುವುದು ಕಳೆಯುವುದಕ್ಕಾಗಿ.

ಮೊದಲನೆಯದಾಗಿ, ಉದ್ದ ಸರಪಳಿಗಳ ಪ್ಲಾಸ್ಟಿಕ್ಕುಗಳು ಒಂದಕ್ಕೊಂದು ಬೆರೆಯುವುದೇ ಅಪರೂಪ. ನೀರು-ಸಾರಾಯಿಯಂಥ ಸಣ್ಣ ಅಣುಗಳು ಬೆರೆತಾಗ ಗೊಂದಲ ಬಹಳ ಹೆಚ್ಚುತ್ತದೆ, ಪ್ರಕೃತಿಗೆ ಅದು ಪ್ರಿಯ. ಸಾವಿರಾರು ಕೊಂಡಿಗಳು ಒಟ್ಟಿಗೆ ಕಟ್ಟಿಕೊಂಡಿರುವ ಸರಪಳಿಗೆ ಹಾಗೆ ಚೆದುರುವ ಸ್ವಾತಂತ್ರ್ಯವಿಲ್ಲ. ಹಾಗಾಗಿ ನಡುವೆ ನಿಜವಾದ ಆಕರ್ಷಣೆ ಇಲ್ಲದಿದ್ದರೆ ಅವು ಬೇರೆಬೇರೆ ದ್ವೀಪಗಳಾಗಿ ಉಳಿಯುತ್ತವೆ. ದ್ವೀಪಗಳ ಅಂಚಿನಲ್ಲಿ ವಿದ್ಯುದಂಶ ಜಮಾಯಿಸಿ, ಹಾಳೆ ಅಲ್ಲಿಂದಲೇ ಸುಟ್ಟು ತೂತಾಗುತ್ತದೆ. ಪಿವಿಡಿಎಫ್ ಮನಸ್ಸುಬಿಚ್ಚಿ ಬೆರೆಯುವ ಕೆಲವೇ ಪ್ಲಾಸ್ಟಿಕ್ಕುಗಳಲ್ಲಿ ಒಂದು ನಮ್ಮ ಅಂಗಡಿ ಬೋರ್ಡುಗಳ ಅಕ್ರಿಲಿಕ್. ಅಕ್ರಿಲಿಕ್ಕಿನ ಆಮ್ಲಜನಕವೂ ಪಿವಿಡಿಎಫ್‌ನ ಜಲಜನಕವೂ ಪರಸ್ಪರ ಸೆಳೆಯುತ್ತವೆ; ಕರಗಿದ ಸ್ಥಿತಿಯಲ್ಲಿ ಯಾವ ಪ್ರಮಾಣದಲ್ಲಾದರೂ ಒಂದಾಗುತ್ತವೆ.

ತಣಿಸುವಾಗ ನಡೆಯುವುದು ಸ್ವಾರಸ್ಯ. ಪಿವಿಡಿಎಫ್ ತನ್ನವರನ್ನು ಸೇರಿಸಿಕೊಂಡು ಹರಳುಗಟ್ಟಲು ಹವಣಿಸುತ್ತದೆ, ಅಕ್ರಿಲಿಕ್ಕನ್ನು ಹೊರಗೆ ತಳ್ಳುತ್ತದೆ. ಅಕ್ರಿಲಿಕ್ಕಿಗೆ ದೂರ ಹೋಗಲು ವ್ಯವಧಾನವಿಲ್ಲ, ಹರಳುಗಳ ನಡುವಿನ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಮುಖ ಮಾಡಿದ ದೊಡ್ಡ ದೊಡ್ಡ ಗುಂಪುಗಳು ಬೆಳೆಯಲು ಈ ನಡುವಿನವನು ಬಿಡುವುದಿಲ್ಲ. ಗುಂಪು ಚಿಕ್ಕದಾದರೆ ಹಟವೂ ಚಿಕ್ಕದು: ಕ್ಷೇತ್ರ ಬಂದಾಗ ತಿರುಗುತ್ತದೆ, ಹೋದಾಗ ಹಿಂದಿರುಗುತ್ತದೆ. ಹಿಡಿಯುವ ಗರಿಷ್ಠ ಮಟ್ಟ ತುಸು ತಗ್ಗುತ್ತದೆ, ಮರಳಿಸುವುದು ಹೆಚ್ಚುತ್ತದೆ. ಅಕ್ರಿಲಿಕ್ ಅತಿಯಾದರೆ ಉಳಿಯುವುದು ಬರೀ ಅಕ್ರಿಲಿಕ್ಕಿನ ಗುಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್, ಗಿರಿಧರ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಕಳೆದ ದಶಕದಲ್ಲಿ ಪಿವಿಡಿಎಫ್ ಯಾವ ಸಂಸ್ಕಾರಕ್ಕೆ ಯಾವ ಮಡಿಕೆಗೆ ಬರುತ್ತದೆ, ಅಕ್ರಿಲಿಕ್ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಕೆಲಸ ಮಾಡಿದ್ದಾರೆ.

ಅಡ್ಡಿಪಡಿಸುವುದಕ್ಕೆ ಬೇರೆ ಉಪಾಯಗಳೂ ಇವೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು 1998ರಲ್ಲಿ ಪಿವಿಡಿಎಫ್‌ನ ಹತ್ತಿರದ ಸಂಬಂಧಿಯೊಂದರ ಮೇಲೆ ಎಲೆಕ್ಟ್ರಾನುಗಳ ಮಳೆ ಸುರಿಸಿ ಅದರ ಓರಣವನ್ನು ಬೇಕೆಂದೇ ಕೆಡಿಸಿತು. ವಸ್ತು ತನ್ನ ಹಟ ಕಳೆದುಕೊಂಡು, ವೋಲ್ಟೇಜಿಗೆ ಸರಾಗವಾಗಿ ಮಣಿಯತೊಡಗಿತು. ಕ್ಲೋರಿನ್ ಪರಮಾಣು ಫ್ಲೋರಿನ್‌ಗಿಂತ ದಪ್ಪ. ಸರಪಳಿಯಲ್ಲಿ ಅಲ್ಲೊಂದು ಇಲ್ಲೊಂದು ಕ್ಲೋರಿನ್ ಕೂರಿಸಿದರೆ ಓರಣದ ಸಾಲು ಅಲ್ಲಲ್ಲಿ ಮುರಿಯುತ್ತದೆ. 2006ರಲ್ಲಿ ಅಲ್ಲಿಯವರೇ ಇಂಥ ಹಾಳೆಯಿಂದ ಘನ ಸೆಂಟಿಮೀಟರಿಗೆ 17 ಜೂಲ್ ಹೊರತೆಗೆದು ತೋರಿಸಿದರು.

ವಿರುದ್ಧ ದಿಕ್ಕಿನ ಪ್ರಯೋಗವೂ 1998ರದೇ. ಎಂಐಟಿಯಲ್ಲಿ ಬೂಟಿನ ಅಟ್ಟೆಯೊಳಗೆ ಪಿವಿಡಿಎಫ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಡೆದಾಡಿದರು. ಸಿಕ್ಕಿದ್ದು ಸರಾಸರಿ ಒಂದು ಮಿಲಿವಾಟಿನ ಆಸುಪಾಸು. ಅವರಿಗೆ ಬೇಕಾಗಿದ್ದುದು ನೆನಪು ಕೆಡದ ಹಾಳೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕೆಂದರೆ ಈ ವಿಷಯದಲ್ಲಿ ಉತ್ಸಾಹ ಬಹಳ ಬೇಗ ಉಕ್ಕುತ್ತದೆ. ಗೋಕಾಕ ಫಾಲ್ಸಿನ ತೂಗುಸೇತುವೆ ಜನ ನಡೆದಾಗ ತೂಗಾಡುತ್ತದೆ. ಹಲಗೆಗಳ ಕೆಳಗೆ ಇಂಥ ಹಾಳೆ ಹಾಸಿದರೆ ದೀಪ ಉರಿಸಬಹುದಲ್ಲವೇ ಎಂದು ವಿಜ್ಞಾನದ ಹುಡುಗರು ಕೇಳುತ್ತಾರೆ. ಅರವತ್ತು ಕಿಲೋ ತೂಕದವರು ಹಾಳೆಯ ಮೇಲೆ ನೇರವಾಗಿ ಕಾಲಿಟ್ಟರೆ ಹುಟ್ಟುವ ವಿದ್ಯುದಂಶ ಹದಿನೈದು ನ್ಯಾನೋಕೂಲಂ ಆಸುಪಾಸು. ಅದರ ಶಕ್ತಿ ಜೂಲಿನ ಹತ್ತು ಲಕ್ಷದ ಒಂದು ಪಾಲಿಗೂ ಎಷ್ಟೋ ಕಡಿಮೆ. ಬಗ್ಗಿಸಿ, ಜಗ್ಗಿ, ಪದರ ಹೆಚ್ಚಿಸಿದರೆ ಎಷ್ಟೋ ಪಟ್ಟು ಏರಿಸಬಹುದು, ಆದರೂ ಮಿಲಿಜೂಲ್‌ಗಳ ಲೆಕ್ಕವೇ. ಪಕ್ಕದಲ್ಲೇ ಧುಮುಕುವ ನೀರಿನ ಒಂದೇ ಒಂದು ಲೀಟರ್ ಆ 52 ಮೀಟರ್ ಇಳಿಯುವಾಗ ಬಿಟ್ಟುಕೊಡುವುದು ಸುಮಾರು 510 ಜೂಲ್. ಆ ನೀರಿನ ಬಲದ ಮೇಲೇ 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ನಿಂತದ್ದು. 1887ರಲ್ಲೇ ಇಲ್ಲಿ ವಿದ್ಯುತ್ತು ಹುಟ್ಟಿತೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸೇತುವೆಯ ಹಾಳೆಯಿಂದ ದೀಪ ಉರಿಸುವೆನೆನ್ನುವುದು ಜಲಪಾತದ ಮುಂದೆ ನಿಂತು ಹಣೆಯ ಬೆವರಿನಿಂದ ಹೊಲಕ್ಕೆ ನೀರುಣಿಸುತ್ತೇನೆಂದ ಹಾಗೆ.

ಆದರೆ ಅದೇ ಹಾಳೆ ಸೇತುವೆಯ ಉಕ್ಕಿನ ಹಗ್ಗಕ್ಕೆ ಅಂಟಿಕೊಂಡು, ಇಂದಿನ ತೂಗಾಟ ನಿನ್ನೆಯದರ ಹಾಗಿದೆಯೇ ಎಂದು ಹೇಳುವುದಾದರೆ? ಅದಕ್ಕೆ ಮಿಲಿವಾಟೂ ಬೇಡ. ಹೊರಗಿನ ಬ್ಯಾಟರಿಯಿಲ್ಲದೆ ತಾನು ಅನುಭವಿಸಿದ ಎಳೆತದಿಂದಲೇ ಸುದ್ದಿ ಹೇಳುವ ವಸ್ತು ಅದು. ನನ್ನ ಮಟ್ಟಿಗೆ ಶಕ್ತಿಯ ಕೊಯ್ಲು ಎಂಬ ದೊಡ್ಡ ಹೆಸರಿಗಿಂತ ಈ ಸಣ್ಣ ಕೆಲಸವೇ ಅದಕ್ಕೆ ಒಪ್ಪುತ್ತದೆ.

ಕೂಡಿಡುವ ಹಾಳೆಯ ಲೆಕ್ಕವೂ ಹೀಗೆ ನಮ್ರವಾದದ್ದೇ. ಆ ಒಂದು ಲೀಟರಿನ 510 ಜೂಲ್ ಹಿಡಿಯಲು 17 ಜೂಲಿನ ಹಾಳೆ 30 ಘನ ಸೆಂಟಿಮೀಟರ್ ಬೇಕು, ಒಂದು ಚಹದ ಬಟ್ಟಲಿನ ಅರ್ಧದಷ್ಟು. ಕೇಳಲು ಚೆನ್ನಾಗಿದೆ, ಆದರೆ ಮೊಬೈಲಿನ ಲಿಥಿಯಂ ಬ್ಯಾಟರಿಯ ಒಂದು ಘನ ಸೆಂಟಿಮೀಟರಿನಲ್ಲಿ ಸಾವಿರ ಜೂಲ್‌ಗಿಂತ ಹೆಚ್ಚಿರುತ್ತದೆ. ಹಾಳೆಯ ಹಿರಿಮೆ ವೇಗದಲ್ಲಿದೆ. ಬ್ಯಾಟರಿ ಗಂಟೆಗಟ್ಟಲೆ ಕೊಡುವುದನ್ನು ಇದು ಸೆಕೆಂಡಿನ ಲಕ್ಷದ ಪಾಲುಗಳಲ್ಲಿ ಕೊಟ್ಟು ಮುಗಿಸಬಲ್ಲದು. ಸೋಲಾರ್ ಇನ್ವರ್ಟರು, ವಿದ್ಯುತ್ ವಾಹನಗಳ ಮೋಟರು ಇವುಗಳ ನಡುವೆ ಅಂಥ ಚುರುಕಿನ ಮಧ್ಯವರ್ತಿ ಬೇಕು.

ಬೆರಕೆಯಿಂದ ನೆನಪು ಹುಟ್ಟಿದ ಕತೆಯೂ ಉಂಟು, ಅದು ಪಿವಿಡಿಎಫ್‌ಗಿಂತ ಹಳೆಯದು. 1920ರ ಆಸುಪಾಸಿನಲ್ಲಿ ಜಪಾನಿನ ಮೊತೊತಾರೊ ಎಗುಚಿ ಕಾರ್ನೌಬಾ ಮೇಣ, ರಾಳ, ಒಂದಿಷ್ಟು ಜೇನುಮೇಣ ಕರಗಿಸಿ ಬೆರೆಸಿ, ವಿದ್ಯುತ್ ಕ್ಷೇತ್ರದಲ್ಲಿಟ್ಟೇ ಆರಲು ಬಿಟ್ಟರು. ಗಟ್ಟಿಯಾದ ಬಿಲ್ಲೆ ಆ ಕ್ಷೇತ್ರದ ಗುರುತನ್ನು ವರ್ಷಾನುಗಟ್ಟಲೆ ಹೊತ್ತುಕೊಂಡಿತ್ತು. ಎಂದರೆ ಬೆರಕೆಗೆ ತನ್ನದೇ ಸ್ವಭಾವವಿಲ್ಲ. ಏನು ಬೆರೆಸಿದೆವು ಎನ್ನುವುದರಷ್ಟೇ ಯಾವ ಗಳಿಗೆಯಲ್ಲಿ, ಯಾವುದರ ಸಮ್ಮುಖದಲ್ಲಿ ಆರಲು ಬಿಟ್ಟೆವು ಎನ್ನುವುದೂ ಮುಖ್ಯವಾಗುತ್ತದೆ. ನೆನಪನ್ನು ಅಳಿಸುವುದೂ ಸಾಧ್ಯ. ಪಿವಿಡಿಎಫ್‌ನ ಆ ಸಂಬಂಧಿಯನ್ನು ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅದರ ಧ್ರುವಗಳ ಒಪ್ಪಂದ ಮುರಿದುಬೀಳುತ್ತದೆ. ತಣಿದ ಮೇಲೆ ಹೊಸ ದಿಕ್ಕು ಕಲಿಸಬಹುದು.

ಆದರೆ ಈ ವಸ್ತುವಿನಲ್ಲಿ ಇನ್ನೊಂದು ಬಗೆಯ ನೆನಪಿದೆ, ಅದನ್ನು ಯಾವ ಬೆರಕೆಯೂ ಕಳೆಯದು. ಇಂಗಾಲ-ಫ್ಲೋರಿನ್ ಬಂಧ ಸಾವಯವ ರಸಾಯನಶಾಸ್ತ್ರದ ಅತಿ ಗಟ್ಟಿ ಬಂಧಗಳಲ್ಲೊಂದು. ಬಿಸಿಲು, ಮಳೆ, ಸೂಕ್ಷ್ಮಜೀವಿ ಯಾವುದಕ್ಕೂ ಜಗ್ಗದು. ಹಾಳೆ ವರ್ಷಗಟ್ಟಲೆ ಬಾಳುವುದೂ ಇದರಿಂದಲೇ, ಬಿಸಾಡಿದ ಮೇಲೂ ಬಾಳುತ್ತಲೇ ಇರುವುದೂ ಇದರಿಂದಲೇ. ಇಂಥ ಫ್ಲೋರಿನ್ ಪಾಲಿಮರ್‌ಗಳನ್ನು ತಯಾರಿಸುವಾಗ ಬಳಸಿದ ಕೆಲವು ಸಹಾಯಕ ರಾಸಾಯನಿಕಗಳು ನದಿಗಳಿಗೂ ಮನುಷ್ಯರ ರಕ್ತಕ್ಕೂ ಸೇರಿವೆ. 2023ರ ಆರಂಭದಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕೂಡಿ ಈ ಇಡೀ ಕುಲವನ್ನೇ ನಿರ್ಬಂಧಿಸಬೇಕೆಂದು ಯುರೋಪಿನ ರಾಸಾಯನಿಕ ಸಂಸ್ಥೆಗೆ ಪ್ರಸ್ತಾವ ಸಲ್ಲಿಸಿದವು. ಶುದ್ಧ ಶಕ್ತಿಗೆಂದು ಹುಡುಕಿದ ವಸ್ತು ಅಶುದ್ಧಿಯ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ಅದನ್ನು ಅಭ್ಯಾಸ ಮಾಡುವವರು ಮುಖ ತಿರುಗಿಸಬಾರದು. ಎಷ್ಟು ನೆನಪು ಬೇಕು, ಎಷ್ಟು ಬೇಡ ಎಂದು ಅಳೆದು ಬೆರೆಸುವ ಪ್ರಯೋಗಶಾಲೆ, ಹಾಳೆ ಹಳತಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಬಹುತೇಕ ಬೇರೆಯವರಿಗೆ ಬಿಟ್ಟಿದೆ.

ಇದು ದೂರದ ಊರಿನ, ನಾಳಿನ ಮಾತೇನೂ ಅಲ್ಲ. ಲಿಥಿಯಂ ಬ್ಯಾಟರಿಯ ಧನಧ್ರುವದಲ್ಲಿ ಶಕ್ತಿ ಹಿಡಿಯುವ ಪುಡಿಯನ್ನು ಲೋಹದ ಹಾಳೆಗೆ ಅಂಟಿಸಿ ನಿಲ್ಲಿಸಲು ಸಾಮಾನ್ಯವಾಗಿ ಬಳಸುವುದು ಪಿವಿಡಿಎಫ್ಫನ್ನೇ. ಸಂಕೇಶ್ವರ-ಹುಕ್ಕೇರಿ ರಸ್ತೆಯಲ್ಲಿ, ಗೋಕಾಕದ ಪೇಟೆಯಲ್ಲಿ ಸದ್ದಿಲ್ಲದೆ ಹಾದುಹೋಗುವ ಬ್ಯಾಟರಿ ಸ್ಕೂಟರುಗಳ ಸೀಟಿನ ಕೆಳಗೆ ಅದು ಈಗಾಗಲೇ ಬಂದು ಕೂತಿದೆ. ಅಲ್ಲಿ ಅದರ ಕೆಲಸ ಅಂಟಿನದು. ಅದರ ಧ್ರುವಗಳು ಯಾವ ಕಡೆಗೆ ಮುಖ ಮಾಡಿವೆಯೆಂದು ಅಲ್ಲಿ ಯಾರೂ ಕೇಳುವುದಿಲ್ಲ.